ಡೆಬೊರಾ ಕಾರ್ ಅವರ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಪ್ರಶ್ನೆ: ಕುವೆಂಪುನಗರದ ಚಿತ್ರಾಸಕ್ತೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಒಂದೆಡೆ ಸೇರಿ ಹಳೆಯ ಚಿತ್ರವೊಂದನ್ನು ನೋಡಿ, ಅದು ಮುಗಿದ ಮೇಲೆ ಅದರ ಕುರಿತು ಕನ್ನಡದಲ್ಲಿ ಚರ್ಚಿಸುವ ಪರಿಪಾಠ ಇಟ್ಟುಕೊಂಡಿದ್ದೇವೆ. ಬರುವವರಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಗೃಹಿಣಿಯರಿದ್ದಾರೆ, ಮಾನಸಗಂಗೋತ್ರಿಯಲ್ಲಿ ಓದುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಮುಂದಿನ ನಾಲ್ಕು ತಿಂಗಳು ಒಬ್ಬರೇ ನಟಿಯ ಚಿತ್ರಗಳನ್ನು ನೋಡೋಣವೆಂದು ನಿರ್ಧರಿಸಿ, 1921ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, ಮೊದಲು ಬ್ರಿಟನ್ನಿನಲ್ಲೂ ಅನಂತರ ಹಾಲಿವುಡ್ಡಿನಲ್ಲೂ ಹೆಸರು ಮಾಡಿದ ಡೆಬೊರಾ ಕಾರ್ ಅವರನ್ನು ಆರಿಸಿಕೊಂಡಿದ್ದೇವೆ.

ನಮ್ಮಲ್ಲಿ ಹೆಚ್ಚಿನವರಿಗೆ ಅವರ ಪರಿಚಯವಿರುವುದು ಎರಡೇ ಚಿತ್ರಗಳಿಂದ. ಸಯಾಮಿನ ದೊರೆಯ ಮಕ್ಕಳಿಗೆ ಪಾಠ ಹೇಳಲು ಬರುವ ಅಧ್ಯಾಪಕಿಯಾಗಿ ಯೂಲ್ ಬ್ರಿನ್ನರ್ ಜೊತೆ ನಟಿಸಿದ 1956ರ 'ದಿ ಕಿಂಗ್ ಅಂಡ್ ಐ' ಒಂದು. ಹವಾಯಿಯ ಕಡಲತೀರದಲ್ಲಿ ಬರ್ಟ್ ಲ್ಯಾಂಕಾಸ್ಟರ್ ಜೊತೆಗಿರುವ ಆ ಒಂದೇ ದೃಶ್ಯಕ್ಕಾಗಿ ಜನ ನೆನೆಯುವ 1953ರ 'ಫ್ರಂ ಹಿಯರ್ ಟು ಇಟರ್ನಿಟಿ' ಇನ್ನೊಂದು. ನಮ್ಮ ಗುಂಪಿನ ಹಿರಿಯರೊಬ್ಬರ ಅಭಿಪ್ರಾಯದಲ್ಲಿ, ಕಾರ್ ಅವರು ಜೀವನದುದ್ದಕ್ಕೂ ಸಭ್ಯ, ಸಂಯಮಿ ಹೆಂಗಸಿನ ಒಂದೇ ಪಾತ್ರವನ್ನು ಉಡುಪು ಬದಲಿಸಿ ಅಭಿನಯಿಸಿದವರು. ಆರು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲದಿದ್ದುದಕ್ಕೆ ಕಾರಣವೂ ಅದೇ. ಈ ಮಾತನ್ನು ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ಆದರೆ ಅವರೊಂದಿಗೆ ವಾದಿಸಲು ಬೇಕಾದಷ್ಟು ಚಿತ್ರಗಳನ್ನು ನಾನು ನೋಡಿಲ್ಲ. ಬಲ್ಲವರು ಯಾವ ನಾಲ್ಕು ಚಿತ್ರಗಳನ್ನು, ಯಾವ ಕ್ರಮದಲ್ಲಿ ತೋರಿಸಬೇಕೆಂದು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸರಸ್ವತೀಪುರಂ ವಾಸಿ, ಮೈಸೂರು

ಮೇಡಂ, ನಿಮ್ಮ ಹಿರಿಯರು ಹೇಳಿರುವುದರಲ್ಲಿ ಅರ್ಧ ನಿಜವಿದೆ, ಆ ಅರ್ಧದಿಂದಲೇ ಹೊರಡುವುದು ಒಳ್ಳೆಯದು. ಸನ್ಯಾಸಿನಿ, ಮಕ್ಕಳ ಪಾಲಕಿ, ಅಧ್ಯಾಪಕಿ, ಅಧಿಕಾರಿಯ ಹೆಂಡತಿ ಇಂಥ ಪಾತ್ರಗಳು ಅವರನ್ನು ಮತ್ತೆ ಮತ್ತೆ ಹುಡುಕಿಕೊಂಡು ಬಂದವು ಎಂಬುದು ದಿಟ. ಆದರೆ ಆ ಸಂಯಮ ಅವರ ಪಾತ್ರಗಳಿಗೆ ಹುಟ್ಟಿನಿಂದ ಬಂದದ್ದಾಗಿ ಕಾಣುವುದಿಲ್ಲ. ಅದು ಆ ಹೆಂಗಸರು ದಿನವೂ ಪ್ರಯಾಸಪಟ್ಟು ಕಾಪಾಡಿಕೊಳ್ಳಬೇಕಾದ ಕಟ್ಟುಪಾಡು. ಅದು ಯಾವ ಗಳಿಗೆಯಲ್ಲಿ ಸಡಿಲವಾಗುತ್ತದೆ, ಸಡಿಲವಾಗದಂತೆ ಹಿಡಿದಿಡಲು ಆಕೆ ಎಷ್ಟು ಹೆಣಗುತ್ತಾಳೆ, ಕಳಚಿಬಿದ್ದ ಮೇಲೆ ಏನಾಗಿ ಉಳಿಯುತ್ತಾಳೆ ಎಂಬುದನ್ನೇ ಅವರು ಮೂವತ್ತು ವರ್ಷ ಬೇರೆ ಬೇರೆ ಮಗ್ಗುಲಿನಿಂದ ಅಭಿನಯಿಸಿ ತೋರಿಸಿದರು. ಈ ದೃಷ್ಟಿಯಿಂದ ನೋಡಿದರೆ ಒಂದು ಚಿತ್ರ ಇನ್ನೊಂದರ ಪುನರಾವರ್ತನೆಯೆಂದು ಅನ್ನಿಸುವುದೇ ಇಲ್ಲ.

ಅವರು ಮೊದಲು ಕಲಿತದ್ದು ಬ್ಯಾಲೆ. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ತರಬೇತಿ ಪಡೆದು 1938ರಲ್ಲಿ ರಂಗವೇರಿದ ಅವರು ಬೇಗನೆ ನಾಟಕದ ಕಡೆ ಹೊರಳಿದರು. 1941ರಲ್ಲಿ, ಬರ್ನಾರ್ಡ್ ಶಾ ಅವರ ನಾಟಕವನ್ನು ಆಧರಿಸಿದ 'ಮೇಜರ್ ಬಾರ್ಬರಾ' ಚಿತ್ರದಲ್ಲಿ ಚಿಕ್ಕ ಪಾತ್ರವೊಂದು ಸಿಕ್ಕಿತು. ಅದೇ ವರ್ಷ 'ಲವ್ ಆನ್ ದ ಡೋಲ್' ಚಿತ್ರದಲ್ಲಿ ನಿರುದ್ಯೋಗದಿಂದ ನಲುಗಿದ ಕಾರ್ಮಿಕ ಕುಟುಂಬದ ಮಗಳಾಗಿ ನಾಯಕಿಯ ಪಾತ್ರವೂ ಸಿಕ್ಕಿತು. 1943ರಲ್ಲಿ ಮೈಕೆಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಅವರ 'ದ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್' ಚಿತ್ರದಲ್ಲಿ ಮೂರು ತಲೆಮಾರುಗಳ ಮೂವರು ಹೆಂಗಸರಾಗಿ, ಅಂದರೆ 1902ರ ಬರ್ಲಿನ್ನಿನ ಇಂಗ್ಲಿಷ್ ಅಧ್ಯಾಪಕಿಯಾಗಿ, ಮೊದಲ ಮಹಾಯುದ್ಧದ ದಾದಿಯಾಗಿ, ಎರಡನೆಯ ಮಹಾಯುದ್ಧದ ಸೇನಾ ಚಾಲಕಿಯಾಗಿ ಅವರೊಬ್ಬರೇ ಕಾಣಿಸಿಕೊಂಡರು. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಪ್ರಧಾನಿ ಚರ್ಚಿಲ್ ಅವರು ತಡೆಯಲು ಯತ್ನಿಸಿದ ಚಿತ್ರ ಅದು. ನಿಮ್ಮ ಪಟ್ಟಿಗೆ ಅದನ್ನು ಸೇರಿಸಬೇಕೆಂದು ನನಗೆ ಆಸೆ, ಆದರೆ 163 ನಿಮಿಷದ ಚಿತ್ರ ನೋಡಿ ಚರ್ಚೆಗೂ ಕೂರಬೇಕೆಂದರೆ ಸಂಜೆ ಸಾಲುವುದಿಲ್ಲ.

ಆದ್ದರಿಂದ ಮೊದಲನೆಯದಾಗಿ ಅದೇ ಜೋಡಿಯ 1947ರ 'ಬ್ಲ್ಯಾಕ್ ನಾರ್ಸಿಸಸ್' ತೋರಿಸಿ. ರೂಮರ್ ಗಾಡೆನ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಹಿಮಾಲಯದ ಎತ್ತರದಲ್ಲಿ ಹಿಂದೆ ರಾಣೀವಾಸವಾಗಿದ್ದ ಅರಮನೆಯೊಂದರಲ್ಲಿ ಶಾಲೆ ಮತ್ತು ಔಷಧಾಲಯ ತೆರೆಯಲು ಬರುವ ಕ್ರೈಸ್ತ ಸನ್ಯಾಸಿನಿಯರ ಮುಖ್ಯಸ್ಥೆ ಸಿಸ್ಟರ್ ಕ್ಲೋಡಾ ಆಗಿ ಕಾರ್ ಇದ್ದಾರೆ. ಆ ಬೆಟ್ಟ, ಆ ಕಣಿವೆ, ಗಂಟೆಯ ಪಕ್ಕದ ಆ ಪ್ರಪಾತ ಯಾವುದೂ ಭಾರತದ್ದಲ್ಲ. ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೋದಲ್ಲಿ ಸೆಟ್ ಹಾಕಿ, ಗಾಜಿನ ಮೇಲೆ ಚಿತ್ರಿಸಿದ ಹಿನ್ನೆಲೆಗಳನ್ನು ಜೋಡಿಸಿ ಮಾಡಿದ ಕೆಲಸ ಅದು. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಮತ್ತು ಕಲಾ ನಿರ್ದೇಶಕ ಆಲ್ಫ್ರೆಡ್ ಯೂಂಗೆ ಇಬ್ಬರಿಗೂ ಆಸ್ಕರ್ ಬಂತು. ಚಿತ್ರದ ಕೊನೆಯ ಭಾಗದಲ್ಲಿ, ದೀಕ್ಷೆ ತೊರೆಯಲು ಹೊರಟ ಸಿಸ್ಟರ್ ರೂತ್ ಕೆಂಪು ಉಡುಪು ತೊಟ್ಟು, ಕ್ಲೋಡಾಳ ಎದುರಿಗೇ ಕುಳಿತು ತುಟಿಗೆ ಕೆಂಪು ಬಣ್ಣ ಬಳಿದುಕೊಳ್ಳುವ ದೃಶ್ಯವಿದೆ. ನಡುವೆ ಒಂದು ಮೇಣದ ಬತ್ತಿ ಉರಿಯುತ್ತಿದೆ. ಕ್ಲೋಡಾ ಬೈಬಲ್ ತೆರೆಯುತ್ತಾಳೆ. ಕ್ಯಾಥ್ಲೀನ್ ಬೈರನ್ ಅವರ ರೂತ್ ಎಲ್ಲರ ಕಣ್ಣನ್ನೂ ಸೆಳೆಯುತ್ತಾರೆ, ಅದು ಸಹಜ. ಎರಡನೆಯ ಸಲ ನೋಡುವಾಗ ಕಾರ್ ಅವರ ಮುಖವನ್ನಷ್ಟೇ ಗಮನಿಸಿ: ಖಂಡಿಸಬೇಕಾದ ಸ್ಥಾನದಲ್ಲಿರುವ ಆಕೆಗೆ ಐರ್ಲೆಂಡಿನಲ್ಲಿ ತಾನು ಪ್ರೀತಿಸಿ ಕೈತಪ್ಪಿಹೋದ ಬದುಕಿನ ನೆನಪು ಬೆನ್ನು ಬಿಟ್ಟಿಲ್ಲವೆಂಬುದು ನಮಗೆ ಆ ಹೊತ್ತಿಗಾಗಲೇ ಗೊತ್ತಿರುತ್ತದೆ, ಮತ್ತು ಆ ಅರಿವಿನಿಂದಲೇ ಅವಳ ಗಾಂಭೀರ್ಯದೊಳಗೆ ಭಯವೂ ಸೇರಿಕೊಂಡಿರುವುದು ಕಾಣುತ್ತದೆ. ಈ ಚಿತ್ರಕ್ಕೂ ಅದರ ಹಿಂದಿನ ವರ್ಷದ 'ಐ ಸೀ ಎ ಡಾರ್ಕ್ ಸ್ಟ್ರೇಂಜರ್' ಚಿತ್ರಕ್ಕೂ ಸೇರಿಸಿ ನ್ಯೂಯಾರ್ಕಿನ ಚಿತ್ರವಿಮರ್ಶಕರ ಬಳಗ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ನೀಡಿತು.

ಅಲ್ಲಿಂದ ಹಾಲಿವುಡ್. ಎಂಜಿಎಂ ಸಂಸ್ಥೆ ಅವರನ್ನು ಕರೆಸಿಕೊಂಡು 'ಕಿಂಗ್ ಸಾಲೊಮನ್ಸ್ ಮೈನ್ಸ್', 'ಕ್ವೋ ವಾಡಿಸ್', 'ದ ಪ್ರಿಸನರ್ ಆಫ್ ಝೆಂಡಾ' ಮುಂತಾದ ಅದ್ಧೂರಿ ಚಿತ್ರಗಳಲ್ಲಿ ಅಂದವಾಗಿ ನಿಲ್ಲಿಸಿತು. ಅವನ್ನು ಬಿಟ್ಟುಬಿಡಬಹುದು. ನಡುವೆ 1949ರ 'ಎಡ್ವರ್ಡ್, ಮೈ ಸನ್' ಮಾತ್ರ ಬೇರೆ: ಗಂಡನ ಅಧರ್ಮವನ್ನು ನೋಡುತ್ತಾ ಕುಡಿತಕ್ಕೆ ಬಿದ್ದು ಮುದಿಯಾಗುವ ಹೆಂಡತಿಯ ಪಾತ್ರಕ್ಕೆ ಅವರ ಮೊದಲ ನಾಮನಿರ್ದೇಶನ ಬಂತು. ಇದು ಸಭ್ಯ ಮಹಿಳೆಯ ಪಾತ್ರವೇ ಎಂದು ನಿಮ್ಮ ಹಿರಿಯರನ್ನು ಕೇಳಿ.

ಎರಡನೆಯದು 'ಫ್ರಂ ಹಿಯರ್ ಟು ಇಟರ್ನಿಟಿ'. ನೋಡಿದವರಿದ್ದರೂ ಮತ್ತೆ ತೋರಿಸಿ. ಜೋನ್ ಕ್ರಾಫರ್ಡ್ ಅವರಿಗೆಂದು ಇದ್ದ ಪಾತ್ರ ಕಾರ್ ಅವರಿಗೆ ಬಂದದ್ದು, ಅಲ್ಲಿಯವರೆಗಿನ ಅವರ ಹೆಸರಿಗೆ ಪೂರ್ತಿ ವಿರುದ್ಧವಾದ ಆಯ್ಕೆಯಾಗಿತ್ತು. ಎಲ್ಲರೂ ನೆನಪಿಟ್ಟುಕೊಂಡಿರುವುದು ಅಲೆ ಮತ್ತು ಚುಂಬನ. ಅದರ ಬೆನ್ನಿಗೇ, ಅದೇ ಮರಳಿನ ಮೇಲೆ, ಲ್ಯಾಂಕಾಸ್ಟರ್ ಹಿಂದಿನ ಗಂಡಸರ ಬಗ್ಗೆ ಚುಚ್ಚಿ ಕೇಳಿದಾಗ ಆಕೆ ತನ್ನ ಮದುವೆಯ ಕಥೆ ಹೇಳುತ್ತಾಳೆ. ಕುಡಿದು ಬಂದ ಗಂಡ, ನೆರವಿಲ್ಲದ ರಾತ್ರಿ, ಉಳಿಯದ ಮಗು, ಇನ್ನೆಂದೂ ತಾಯಿಯಾಗಲಾರದ ಸ್ಥಿತಿ. ಇವೆಲ್ಲವನ್ನೂ ಕಾರ್ ದಯೆ ಬೇಡದ ಸ್ವರದಲ್ಲಿ, ವರದಿ ಒಪ್ಪಿಸುವಂತೆ ಹೇಳುತ್ತಾರೆ. ಚುಂಬನದ ಚಿತ್ರವನ್ನು ಭಿತ್ತಿಪತ್ರಗಳಲ್ಲಿ ಅಚ್ಚು ಹಾಕಿದವರು ಈ ಮಾತುಗಳನ್ನು ಜನ ಮರೆಯುವಂತೆ ಮಾಡಿದ್ದಾರೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೂರನೆಯದು 1958ರ 'ಸೆಪರೇಟ್ ಟೇಬಲ್ಸ್', ನಾಲ್ಕನೆಯದು 1961ರ 'ದಿ ಇನ್ನೊಸೆಂಟ್ಸ್'. 'ಸೆಪರೇಟ್ ಟೇಬಲ್ಸ್' ಚಿತ್ರದಲ್ಲಿ ಅವರು ತಾಯಿಯ ದರ್ಪಕ್ಕೆ ಹೆದರಿ ಕುಗ್ಗಿಹೋದ ಮಗಳು. ಕೊನೆಗೆ ಹೋಟೆಲಿನ ಊಟದ ಕೋಣೆಯಲ್ಲಿ, ಎಲ್ಲರೆದುರು, ತಾಯಿ ಎದ್ದು ಬಾ ಎಂದಾಗ ಅವಳು ಇಲ್ಲವೆಂದು ಕುರ್ಚಿಯಲ್ಲೇ ಕೂರುತ್ತಾಳೆ. ಅಷ್ಟೇ ನಡೆಯುವುದು, ಆದರೂ ಇಡೀ ಚಿತ್ರ ಅದಕ್ಕಾಗಿಯೇ ಕಾದಿರುತ್ತದೆ.

ಆಸ್ಕರ್ ವಿಷಯ. ಆರು ಸಲವೂ ಅವರು ಯಾರಿಗೆ ಸೋತರೆಂದು ನೋಡಿದರೆ ಒಂದು ಸೂಚನೆ ಸಿಗುತ್ತದೆ. 1949ರಲ್ಲಿ ಒಲಿವಿಯಾ ಡಿ ಹ್ಯಾವಿಲೆಂಡ್, 1953ರಲ್ಲಿ ಆಡ್ರೆ ಹೆಪ್‌ಬರ್ನ್, 1956ರಲ್ಲಿ ಇಂಗ್ರಿಡ್ ಬರ್ಗ್‌ಮನ್, 1957ರಲ್ಲಿ ಜೋನ್ ವುಡ್‌ವರ್ಡ್, 1958ರಲ್ಲಿ ಸೂಸನ್ ಹೇವರ್ಡ್, 1960ರಲ್ಲಿ ಎಲಿಜಬೆತ್ ಟೇಲರ್. ವುಡ್‌ವರ್ಡ್ ಅವರದು ಒಂದೇ ದೇಹದಲ್ಲಿ ಮೂರು ವ್ಯಕ್ತಿತ್ವ ಹೊತ್ತ ಪಾತ್ರ, ಹೇವರ್ಡ್ ಅವರದು ಮರಣದಂಡನೆಗೆ ನಡೆಯುವ ಹೆಂಗಸಿನ ಪಾತ್ರ. ಅಭಿನಯ ನಡೆಯುತ್ತಿದೆಯೆಂದು ದೂರದಿಂದಲೇ ಗೊತ್ತಾಗುವ ಪಾತ್ರಗಳವು. 1957ರಲ್ಲಿ ಕಾರ್ ನಾಮನಿರ್ದೇಶನಗೊಂಡದ್ದು 'ಹೆವೆನ್ ನೋಸ್, ಮಿಸ್ಟರ್ ಆಲಿಸನ್' ಚಿತ್ರಕ್ಕೆ. ಯುದ್ಧಕಾಲದ ದ್ವೀಪವೊಂದರಲ್ಲಿ ಒಬ್ಬ ಸೈನಿಕನೊಂದಿಗೆ ಸಿಕ್ಕಿಕೊಂಡ ಸನ್ಯಾಸಿನಿ, ಅವನ ಪ್ರೀತಿಯನ್ನು ಅವಮಾನಿಸದೆ ನಿರಾಕರಿಸಬೇಕು. ಇದರ ಕಷ್ಟ ಮತ ಹಾಕುವವರ ಕಣ್ಣಿಗೆ ಬೀಳುವುದು ಕಡಿಮೆ. ಗೆದ್ದವರ ಯೋಗ್ಯತೆಯನ್ನು ನಾನು ಅಲ್ಲಗಳೆಯುತ್ತಿಲ್ಲ.

ಉತ್ತರ: ನಿವೃತ್ತ ಶಿಕ್ಷಕ, ಮಂಡ್ಯ

ಸರಸ್ವತೀಪುರಂನ ಸ್ನೇಹಿತರು ವಿವರವಾಗಿ ಬರೆದಿದ್ದಾರೆ, ಆದರೆ 1960ರ 'ದ ಸಂಡೌನರ್ಸ್' ಚಿತ್ರವನ್ನು ಪಟ್ಟಿಯಿಂದ ಕೈಬಿಟ್ಟಿರುವುದನ್ನು ನಾನು ಒಪ್ಪಲಾರೆ. ಅವರ ಆರನೆಯ ಮತ್ತು ಕೊನೆಯ ನಾಮನಿರ್ದೇಶನ ಬಂದದ್ದು ಇದಕ್ಕೇ. 'ಫ್ರಂ ಹಿಯರ್ ಟು ಇಟರ್ನಿಟಿ' ನಿರ್ದೇಶಿಸಿದ ಫ್ರೆಡ್ ಝಿನ್ನೆಮನ್ ಅವರೇ ಇದರ ನಿರ್ದೇಶಕರು. ಹೊರಾಂಗಣ ದೃಶ್ಯಗಳನ್ನು ಆಸ್ಟ್ರೇಲಿಯಾದಲ್ಲೇ ಚಿತ್ರೀಕರಿಸಬೇಕೆಂದು ಅವರು ಪಟ್ಟು ಹಿಡಿದರು, ಆ ಬಯಲಿನ ಧೂಳು ತೆರೆಯ ಮೇಲೆ ಕಾಣುತ್ತದೆ.

ಕುರಿಮಂದೆ ಹೊಡೆದುಕೊಂಡು ಊರೂರು ಅಲೆಯುವ ಗಂಡ ರಾಬರ್ಟ್ ಮಿಚಮ್. ಅವನ ಹೆಂಡತಿ ಐಡಾ ಆಗಿ ಕಾರ್. ಮಗನಿಗೂ ಅವಳಿಗೂ ಬೇಕಾದದ್ದು ಒಂದು ತುಂಡು ಭೂಮಿ ಮತ್ತು ಒಂದು ಸೂರು. ಗಂಡನಿಗೆ ಬೇಕಾದದ್ದು ಅಲೆದಾಟ. ಅವಳು ಅವನನ್ನು ಪ್ರೀತಿಸುತ್ತಾಳೆ, ಅವನ ಜೂಜನ್ನು ಸಹಿಸುತ್ತಾಳೆ, ಆದರೆ ಮನೆಯ ಆಸೆಯನ್ನು ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸುಗ್ಗಿ ಮುಗಿದ ಮೇಲೆ ಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ದವಸವನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಹೊರಡುವ ಸಂಸಾರಗಳನ್ನು ಚಿಕ್ಕಂದಿನಿಂದ ಕಂಡವರಿಗೆ ಐಡಾಳ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಒಂದು ದೃಶ್ಯವನ್ನು ಹೇಳಿಬಿಡುತ್ತೇನೆ. ರೈಲು ನಿಲ್ದಾಣದಲ್ಲಿ ಐಡಾ ಗಾಡಿಯ ಮೇಲೆ ಕುಳಿತಿದ್ದಾಳೆ. ಬಿಸಿಲಿನಲ್ಲಿ ಒರಟಾದ ಮುಖ, ಮಾಸಿದ ಬಟ್ಟೆ, ಪ್ರಸಾಧನದ ಸುಳಿವೇ ಇಲ್ಲ. ನಿಂತ ರೈಲಿನ ಕಿಟಕಿಯಲ್ಲಿ ನಾಜೂಕಾಗಿ ಉಡುಪು ತೊಟ್ಟ ಹೆಂಗಸೊಬ್ಬಳು ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಿದ್ದಾಳೆ. ಇಬ್ಬರ ನೋಟ ಕೂಡುತ್ತದೆ, ಮಾತಿಲ್ಲ. ಐಡಾಳ ಕಣ್ಣಿನಲ್ಲಿ ಹೊಟ್ಟೆಕಿಚ್ಚಿಲ್ಲ, ತನ್ನ ಬಗ್ಗೆ ಮರುಕವೂ ಇಲ್ಲ; ಬಹಳ ದಿನಗಳಿಂದ ಯೋಚಿಸದೆ ಇದ್ದ ಯಾವುದೋ ವಿಷಯ ಆ ಕ್ಷಣಕ್ಕೆ ಎದುರು ಬಂದು ನಿಂತಂತೆ ಅವಳು ನೋಡುತ್ತಾಳೆ. ರೈಲು ಹೊರಡುತ್ತದೆ. ಎಂಜಿಎಂ ವರ್ಷಗಳಲ್ಲಿ ಕಾರ್ ಅವರನ್ನು ಆ ಕಿಟಕಿಯ ಒಳಗಿನ ಹೆಂಗಸಾಗಿಯೇ ತೋರಿಸಿದ್ದರೆಂಬುದು ನೆನಪಾದರೆ ದೃಶ್ಯದ ತೂಕ ಇನ್ನೂ ಹೆಚ್ಚುತ್ತದೆ. 'ಸೆಪರೇಟ್ ಟೇಬಲ್ಸ್' ಬದಲಿಗೆ ಇದನ್ನು ಇಡಿ. ಅಲ್ಲಿ ಅವರ ಕುಗ್ಗಿದ ಭುಜಗಳಲ್ಲೂ ತೊದಲುವ ಮಾತಿನಲ್ಲೂ ಶ್ರಮ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ.

ಉತ್ತರ: ಸಿನಿಮಾ ವಿದ್ಯಾರ್ಥಿ, ಮೈಸೂರು

'ಬ್ಲ್ಯಾಕ್ ನಾರ್ಸಿಸಸ್' ತೋರಿಸುವುದಾದರೆ ಅದರ ಇನ್ನೊಂದು ಮುಖವನ್ನೂ ಚರ್ಚೆಗೆ ತರಬೇಕೆಂದು ನನ್ನ ಕೋರಿಕೆ. ನಮ್ಮ ಬೆಟ್ಟ, ನಮ್ಮ ಗಾಳಿ, ನಮ್ಮ ಜನ ಎಲ್ಲವೂ ಬಿಳಿಯರ ಮನಸ್ಸನ್ನು ಕದಡುವ ಹಿನ್ನೆಲೆಯಾಗಿ ಮಾತ್ರ ಅಲ್ಲಿ ಬರುತ್ತವೆ. ಕಾಂಚಿ ಎಂಬ ಹುಡುಗಿಯ ಪಾತ್ರಕ್ಕೆ ಇಂಗ್ಲೆಂಡಿನ ಜೀನ್ ಸಿಮನ್ಸ್ ಅವರಿಗೆ ಕಂದು ಬಣ್ಣ ಬಳಿದಿದ್ದಾರೆ. ಮುದುಕಿ ಆಯಾ ಆದವರೂ ಇಂಗ್ಲಿಷ್ ನಟಿಯೇ.

ಆದರೆ ಅದೇ ಚಿತ್ರದಲ್ಲಿ ನಮ್ಮ ಸೀಮೆಯವರೊಬ್ಬರಿದ್ದಾರೆ. ಯುವ ಜನರಲ್ ಪಾತ್ರದ ಸಾಬು, ಆಗಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತರ ಮಗ. ರಾಬರ್ಟ್ ಫ್ಲಾಹರ್ಟಿ ಅವರ ತಂಡ ಇಲ್ಲಿಗೆ ಬಂದು ಚಿತ್ರೀಕರಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆ ಕಂಡಾಗ ಸಾಬು ಇನ್ನೂ ಹುಡುಗ. ಹತ್ತು ವರ್ಷದ ನಂತರ ಕಾರ್ ಅವರ ಎದುರು ರೇಷ್ಮೆ ಉಡುಪು ತೊಟ್ಟು, ಸುಗಂಧ ಪೂಸಿಕೊಂಡು, ಸನ್ಯಾಸಿನಿಯರ ಶಾಲೆಗೆ ಕಲಿಯಲು ಬರುತ್ತಾರೆ. ಆ ಸುಗಂಧದ ಹೆಸರೇ ಚಿತ್ರದ ಹೆಸರು. ಮೈಸೂರಿನಲ್ಲಿ ಈ ಚಿತ್ರ ತೋರಿಸಿ ಸಾಬು ಅವರ ಹೆಸರೆತ್ತದಿದ್ದರೆ ತಪ್ಪಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಮಂಡ್ಯದ ಮೇಷ್ಟ್ರು ಹೇಳಿದ ರೈಲಿನ ದೃಶ್ಯವನ್ನು ಓದಿದ ಮೇಲೆ 'ದ ಸಂಡೌನರ್ಸ್' ಬಿಡಲಾಗದು. ಸಾಬು ಅವರ ವಿಷಯವನ್ನು ಮೊದಲ ಸಂಜೆಯ ಪೀಠಿಕೆಯಲ್ಲೇ ಹೇಳುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. 'ದಿ ಇನ್ನೊಸೆಂಟ್ಸ್' ದೆವ್ವದ ಚಿತ್ರವೆಂದು ಕೇಳಿ ಇಬ್ಬರು ಮೂವರು ಬರುವುದಿಲ್ಲವೆನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಯಾದವಗಿರಿಯ ಓದುಗಿ, ಮೈಸೂರು

ಅವರನ್ನು ಹೇಗಾದರೂ ಮಾಡಿ ಕರೆತನ್ನಿ. ಹೆನ್ರಿ ಜೇಮ್ಸ್ ಅವರ 'ದ ಟರ್ನ್ ಆಫ್ ದ ಸ್ಕ್ರೂ' ಕಥೆಯನ್ನು ಆಧರಿಸಿ ಜ್ಯಾಕ್ ಕ್ಲೇಟನ್ ನಿರ್ದೇಶಿಸಿದ ಈ ಚಿತ್ರದಲ್ಲಿ ದೆವ್ವಗಳಿವೆಯೋ ಇಲ್ಲವೋ ಎಂಬುದೇ ಇತ್ಯರ್ಥವಾಗುವುದಿಲ್ಲ. ಹಳ್ಳಿಗಾಡಿನ ದೊಡ್ಡ ಮನೆಯೊಂದರಲ್ಲಿ ತಂದೆತಾಯಿಯಿಲ್ಲದ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬರುವ ಮಿಸ್ ಗಿಡೆನ್ಸ್, ಸತ್ತುಹೋದ ಇಬ್ಬರು ಕೆಲಸದವರ ಪ್ರೇತಗಳು ಆ ಮಕ್ಕಳನ್ನು ಆವರಿಸಿವೆಯೆಂದು ನಂಬುತ್ತಾಳೆ. ಮಕ್ಕಳನ್ನು ಉಳಿಸಲು ಹೊರಟವಳೇ ಅವರಿಗೆ ಅಪಾಯವಾಗುತ್ತಿದ್ದಾಳೆಯೇ ಎಂಬ ಶಂಕೆ ನಮ್ಮಲ್ಲಿ ಮೆಲ್ಲಗೆ ಬೆಳೆಯುತ್ತದೆ. ತ್ರಿವೇಣಿಯವರ ಕಾದಂಬರಿಗಳನ್ನು ಓದಿ, ಹೆಂಗಸಿನ ಮನಸ್ಸಿನ ಬೇನೆಯನ್ನು ಅನುಕಂಪದಿಂದ ಕಾಣಲು ಕಲಿತ ಮೈಸೂರಿನ ಓದುಗರಿಗೆ ಈ ಚಿತ್ರ ಅಪರಿಚಿತವೆನಿಸುವುದಿಲ್ಲ.

ಜೇಮ್ಸ್ ಅವರ ಕಥೆಯಲ್ಲಿ ಪಾಲಕಿಗೆ ಇಪ್ಪತ್ತು ವರ್ಷ. ಕಾರ್ ಅವರಿಗೆ ಆಗ ನಲವತ್ತು ಸಮೀಪಿಸಿತ್ತು. ಈ ವ್ಯತ್ಯಾಸದಿಂದ ಪಾತ್ರಕ್ಕೆ ಹಾನಿಯಾಗಲಿಲ್ಲ, ಬದಲಿಗೆ ಆಳ ಬಂತು: ಪಾದ್ರಿಯ ಮಗಳಾಗಿ ಚಿಕ್ಕ ಮನೆಯಲ್ಲಿ ಬೆಳೆದು, ಬದುಕು ಈಗಷ್ಟೇ ಶುರುವಾಯಿತೆಂದು ನಂಬಿದ ನಡುವಯಸ್ಸಿನ ಹೆಂಗಸಾಗಿ ಮಿಸ್ ಗಿಡೆನ್ಸ್ ಕಾಣುತ್ತಾಳೆ. ಆರಂಭದಲ್ಲೇ ಮಕ್ಕಳ ದೊಡ್ಡಪ್ಪ, ನಿಮಗೆ ಕಲ್ಪನಾಶಕ್ತಿ ಇದೆಯೇ ಎಂದು ಕೇಳುತ್ತಾನೆ. ಇದೆಯೆಂದು ಆಕೆ ಕೊಡುವ ಉತ್ತರದಲ್ಲಿ ಎಷ್ಟು ಉತ್ಸಾಹವಿದೆಯೆಂದರೆ, ಇಡೀ ಚಿತ್ರ ಮುಗಿದ ಮೇಲೆ ಆ ಉತ್ಸಾಹವನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ. ಇನ್ನೊಂದು ಕಡೆ, ಪಾಠದ ಕೋಣೆಯಲ್ಲಿ ಪ್ರೇತ ಕುಳಿತಿದ್ದ ಮೇಜಿನ ಸ್ಲೇಟಿನ ಮೇಲೆ ಅವಳಿಗೆ ಒಂದು ಕಣ್ಣೀರ ಹನಿ ಸಿಗುತ್ತದೆ. ಅದನ್ನು ಬೆರಳಿನಿಂದ ಮುಟ್ಟುವಾಗ ಕಾರ್ ಅವರ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ, ತಾನು ಕಂಡದ್ದು ಸುಳ್ಳಲ್ಲವೆಂಬ ಸಮಾಧಾನವಿದೆ. ಹುಚ್ಚನ್ನು ಕೂಗಾಡಿ ತೋರಿಸುವ ನಟನಟಿಯರು ಎಲ್ಲ ದೇಶದಲ್ಲೂ ಇದ್ದಾರೆ. ಇಷ್ಟು ವಿವೇಕದ, ಇಷ್ಟು ಮಮತೆಯ ಮುಖದಿಂದ ತೋರಿಸಿದವರು ಬಹಳ ವಿರಳ. ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬರಲಿಲ್ಲವೆಂಬುದು ನನಗೆ ಉಳಿದೆಲ್ಲ ಸೋಲುಗಳಿಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ತೋರಿಸುವವರಿಗೆ ಒಂದು ಮಾತು. ಇದು ಕಪ್ಪುಬಿಳುಪಿನ ಸಿನಿಮಾಸ್ಕೋಪ್ ಚಿತ್ರ. ಅಗಲವಾದ ಚೌಕಟ್ಟಿನ ಎರಡೂ ಅಂಚುಗಳು ಕತ್ತಲಾಗುವಂತೆ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅವರು ಬಣ್ಣ ಬಳಿದ ಫಿಲ್ಟರ್‌ಗಳನ್ನು ಬಳಸಿದ್ದಾರೆ. ಕೈಯಲ್ಲಿ ಮೇಣದ ದೀಪ ಹಿಡಿದು ನಡೆಯುವ ಕಾರ್ ಅವರ ಸುತ್ತ ಆ ಕತ್ತಲೆಯೇ ಒಂದು ಪಾತ್ರ. ಆದ್ದರಿಂದ ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿ, ಚಿತ್ರವನ್ನು ಎಳೆದು ತೆರೆ ತುಂಬಿಸದೆ ಅದರ ಮೂಲ ಅಳತೆಯಲ್ಲೇ ಬಿಡಿ. ಮೊದಲ ಕೆಲವು ಕ್ಷಣ ತೆರೆ ಪೂರ್ತಿ ಕಪ್ಪಾಗಿದ್ದು ಮಗುವಿನ ಹಾಡು ಮಾತ್ರ ಕೇಳಿಸುತ್ತದೆ, ಪ್ರೊಜೆಕ್ಟರ್ ಕೆಟ್ಟಿತೆಂದು ಯಾರೂ ಎದ್ದು ಹೋಗದಂತೆ ಮೊದಲೇ ತಿಳಿಸಿ.

ಉತ್ತರ: ಸರಸ್ವತೀಪುರಂ ವಾಸಿ, ಮೈಸೂರು

ಮಂಡ್ಯದ ಸ್ನೇಹಿತರ ತಿದ್ದುಪಡಿಗೆ ನನ್ನ ಒಪ್ಪಿಗೆಯಿದೆ, ಆದರೂ 'ಸೆಪರೇಟ್ ಟೇಬಲ್ಸ್' ಬಗ್ಗೆ ಅವರ ತೀರ್ಪು ಕಠಿಣವಾಯಿತು. ಹಾಗಾದರೆ ಕ್ರಮ ಹೀಗಿರಲಿ: 'ಬ್ಲ್ಯಾಕ್ ನಾರ್ಸಿಸಸ್', 'ಫ್ರಂ ಹಿಯರ್ ಟು ಇಟರ್ನಿಟಿ', 'ದ ಸಂಡೌನರ್ಸ್', 'ದಿ ಇನ್ನೊಸೆಂಟ್ಸ್'. ತಯಾರಾದ ವರ್ಷಗಳ ಕ್ರಮವೂ ಅದೇ ಆಗಿರುವುದರಿಂದ ಅವರ ಮುಖ ವಯಸ್ಸಿನೊಂದಿಗೆ ಹೇಗೆ ಬದಲಾಯಿತೆಂಬುದನ್ನೂ ನೋಡಬಹುದು.

ಐದನೆಯ ತಿಂಗಳು ಸಿಕ್ಕರೆ 1985ರ 'ದಿ ಅಸ್ಸಾಂ ಗಾರ್ಡನ್' ಹುಡುಕಿ ನೋಡಿ. 1969ರ ಬಳಿಕ ಚಿತ್ರರಂಗದಿಂದ ದೂರ ಸರಿದು ರಂಗಭೂಮಿ ಮತ್ತು ದೂರದರ್ಶನದಲ್ಲಿ ತೊಡಗಿದ್ದ ಕಾರ್ ಅವರು ಬೆಳ್ಳಿತೆರೆಗೆ ಮರಳಿ ಬಂದ ಕೊನೆಯ ಚಿತ್ರ ಅದು. ಅಸ್ಸಾಮಿನ ಚಹಾ ತೋಟಗಳಿಂದ ಇಂಗ್ಲೆಂಡಿಗೆ ಮರಳಿದ ಗಂಡ ಬೆಳೆಸಿದ ಕೈತೋಟವನ್ನು ಅವನು ತೀರಿಕೊಂಡ ಮೇಲೆ ನೋಡಿಕೊಳ್ಳುವ ವಿಧವೆಯಾಗಿ ಅವರು, ಪಕ್ಕದ ವಸತಿಯ ಭಾರತೀಯ ಗೃಹಿಣಿಯಾಗಿ ಮಧುರ್ ಜಾಫ್ರಿ. ಸಿನಿಮಾ ವಿದ್ಯಾರ್ಥಿ ಎತ್ತಿದ ಆಕ್ಷೇಪಣೆಯನ್ನು ಮುಂದಿಟ್ಟುಕೊಂಡು ಎರಡು ಚಿತ್ರಗಳನ್ನು ಹೋಲಿಸಲು ಅವಕಾಶವಿದೆ. ಇಲ್ಲಿ ಭಾರತೀಯ ಹೆಂಗಸಿನ ಪಾತ್ರವನ್ನು ಭಾರತೀಯರೇ ಮಾಡಿದ್ದಾರೆ, ಆಕೆ ತನ್ನ ಮನಸ್ಸಿನಲ್ಲಿರುವುದನ್ನು ಆಡುತ್ತಾಳೆ, ಬಿಳಿಯ ಹೆಂಗಸು ಕೇಳಿಸಿಕೊಳ್ಳಬೇಕಾಗುತ್ತದೆ. ಅಕಾಡೆಮಿಯವರು ಅವರ ಒಟ್ಟು ಸಾಧನೆಗೆ ಗೌರವ ಆಸ್ಕರ್ ನೀಡಿದ್ದು 1994ರಲ್ಲಿ, ಈ ಚಿತ್ರವೂ ಬಂದು ಒಂಬತ್ತು ವರ್ಷವಾದ ಮೇಲೆ. ಅವರು ತೀರಿಕೊಂಡದ್ದು 2007ರ ಅಕ್ಟೋಬರ್‌ನಲ್ಲಿ.

ಪ್ರದರ್ಶನದ ದಿನಾಂಕಗಳನ್ನು ಇಲ್ಲೇ ತಿಳಿಸಿ. ಮಂಡ್ಯದಿಂದ ಬರುವವರಿಗೆ ರಾತ್ರಿ ಹಿಂದಿರುಗಲು ಅನುಕೂಲವಾಗುವಂತೆ ಚಿತ್ರವನ್ನು ಮಧ್ಯಾಹ್ನವೇ ಆರಂಭಿಸಿದರೆ ಒಳ್ಳೆಯದು.